ಇಪ್ಪತ್ತೆಂಟು ಫೈಲು, ಒಂದು ಭಜನೆ: ಓದುಗರ ಧ್ವನಿಮುದ್ರಣ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ನಾಲ್ಕು ಒಂದೇ ಕಷ್ಟವನ್ನು ನಾಲ್ಕು ಬಗೆಯಲ್ಲಿ ಹೇಳುತ್ತಿರುವುದರಿಂದ ಅವನ್ನೇ ಒಟ್ಟಿಗೆ ಎತ್ತಿಕೊಂಡಿದ್ದೇನೆ. ಹಲವು ಮೈಕ್ ಇಟ್ಟು ಮುದ್ರಿಸುವ ಸಲಕರಣೆ ಈಗ ದಾವಣಗೆರೆ, ಚಿತ್ರದುರ್ಗದ ಕಡೆಯ ಹಳ್ಳಿಗಳ ಭಜನಾ ಮಂಡಳಿಗಳಿಗೂ ಬಾಡಿಗೆಗೆ ಸಿಗುತ್ತಿದೆ. ಮುದ್ರಿಸಿ ತಂದದ್ದನ್ನು ಕಂಪ್ಯೂಟರಿನಲ್ಲಿ ಹೇಗೆ ಜೋಡಿಸಿಟ್ಟುಕೊಳ್ಳಬೇಕು ಎನ್ನುವುದನ್ನು ಮಾತ್ರ ಬಾಡಿಗೆಗೆ ಕೊಡುವವರು ಹೇಳಿಕೊಡುವುದಿಲ್ಲ.

ಪ್ರಶ್ನೆ: ನಮ್ಮೂರ ಬಸವಣ್ಣನ ಗುಡಿಯಲ್ಲಿ ಶ್ರಾವಣದ ಕಡೇ ಸೋಮವಾರ ನಡೆದ ಎರಡು ಗಂಟೆಯ ಭಜನೆಯನ್ನು ಆರು ಮೈಕ್ ಇಟ್ಟು ಮುದ್ರಿಸಿದೆವು. ಮುಂದೆ ಹಾಡುವ ಇಬ್ಬರಿಗೆ ಒಂದೊಂದು, ಹಾರ್ಮೋನಿಯಂಗೆ ಒಂದು, ತಬಲಕ್ಕೆ ಒಂದು, ತಾಳ ಮತ್ತು ಹಿಮ್ಮೇಳದವರಿಗೆ ಒಂದು, ಕೇಳುಗರ ಕಡೆಗೆ ಒಂದು. ನಡುವೆ ನಿಲ್ಲಿಸಿದ್ದರಿಂದ ರಿಕಾರ್ಡರನ್ನು ನಾಲ್ಕು ಸಲ ಶುರು ಮಾಡಬೇಕಾಯಿತು. ಈಗ ಕಾರ್ಡಿನಲ್ಲಿ 28 ಫೈಲುಗಳಿವೆ, ಹೆಸರೆಲ್ಲ ಬರೀ ಅಂಕಿ. ಗಾಯಕರು ಕೆಮ್ಮಿದ್ದನ್ನು ಕತ್ತರಿಸಿದರೆ ಅಲ್ಲಿಂದ ಮುಂದೆ ಹಾಡು ಒಂದು ದಾರಿ, ತಬಲ ಒಂದು ದಾರಿ ಹಿಡಿಯುತ್ತದೆ. ಎಲ್ಲಿಂದ ಶುರು ಮಾಡಬೇಕು?
— ಭಜನಾ ಮಂಡಳಿಯ ಸದಸ್ಯರು, ಹೊನ್ನಾಳಿ ತಾಲ್ಲೂಕು

ಉತ್ತರ: ಮೊದಲು ಆ 28 ಎಲ್ಲಿಂದ ಬಂತು ಎಂದು ನೋಡೋಣ, ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ. ನೀವು ತಂದಂಥ ರಿಕಾರ್ಡರಿನಲ್ಲಿ ಕೆಂಪು ಗುಂಡಿ ಒತ್ತಿದಾಗಲೆಲ್ಲ ಮೈಕಿಗೊಂದರಂತೆ ಆರು ಫೈಲುಗಳೂ, ಆರನ್ನೂ ಬೆರೆಸಿದ ಒಂದು ಸ್ಟೀರಿಯೋ ಫೈಲೂ ಹುಟ್ಟುತ್ತವೆ. ಏಳು ನಾಲ್ಕಲಿ ಇಪ್ಪತ್ತೆಂಟು. ಬೆರೆಸಿದ ಆ ನಾಲ್ಕು ಫೈಲುಗಳನ್ನು ಬೇರೆ ಫೋಲ್ಡರಿಗೆ ಹಾಕಿ. ಮೊಬೈಲಿನಲ್ಲಿ ಕೇಳುತ್ತಾ ಯಾವ ಪದ ಎಷ್ಟನೇ ನಿಮಿಷಕ್ಕೆ ಶುರುವಾಯಿತು, ಎಲ್ಲಿ ಕೆಮ್ಮು, ಎಲ್ಲಿ ಮೈಕ್ ತಾಗಿದ ಸದ್ದು ಎಂದು ಕಾಗದದಲ್ಲಿ ಬರೆದುಕೊಳ್ಳುವುದಕ್ಕೆ ಅವು ಬಹಳ ಒಳ್ಳೆಯವು. ಸಂಕಲನದ ಕೆಲಸದೊಳಗೆ ಮಾತ್ರ ಅವನ್ನು ತರಬೇಡಿ, ತಂದರೆ ಪ್ರತಿ ದನಿಯೂ ಎರಡೆರಡು ಸಲ ಸೇರಿಕೊಳ್ಳುತ್ತದೆ.

ಉಳಿದ 24ನ್ನು ಮುಟ್ಟುವ ಮೊದಲು ಇಡೀ ಕಾರ್ಡನ್ನು ಇದ್ದದ್ದು ಇದ್ದಂತೆ ಎರಡು ಕಡೆ ನಕಲು ಮಾಡಿ. 48 ಕಿಲೋಹರ್ಟ್ಸ್, 24 ಬಿಟ್‌ ಗುಣಮಟ್ಟದಲ್ಲಿ ಮುದ್ರಿಸಿದ್ದರೆ ಒಂದು ಮೈಕಿನ ಒಂದು ಗಂಟೆಗೆ ಸುಮಾರು 518 ಎಂಬಿ ಬೇಕು, ಆರು ಮೈಕಿಗೆ 3.1 ಜಿಬಿ. ನಿಮ್ಮ ಇಡೀ ಭಜನೆ ಬೆರಕೆ ಫೈಲುಗಳೂ ಸೇರಿ 16 ಜಿಬಿಯ ಒಂದು ಪೆನ್‌ಡ್ರೈವಿನಲ್ಲಿ ಆರಾಮಾಗಿ ಹಿಡಿಸುತ್ತದೆ. ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹಲವು ವರ್ಷಗಳ ಹಿಂದೆ ಚಳ್ಳಕೆರೆ ತಾಲ್ಲೂಕಿನ ಎರಡು ಹಟ್ಟಿಗಳಲ್ಲಿ ಎರಡು ದಿನ ಸೋಬಾನೆ ಪದಗಳನ್ನು ಮುದ್ರಿಸಿಕೊಂಡಿದ್ದೆ. ಮೊದಲ ದಿನದ ರಾತ್ರಿ ಕಾರ್ಡನ್ನು ಕಂಪ್ಯೂಟರಿಗೆ ಇಳಿಸಿ ಖಾಲಿ ಮಾಡಿದೆ. ಖಾಲಿಯಾದ ಕಾರ್ಡಿನಲ್ಲಿ ರಿಕಾರ್ಡರು ಮತ್ತೆ ಒಂದರಿಂದಲೇ ಎಣಿಕೆ ಶುರು ಮಾಡಿತು, ಹಾಗಾಗಿ ಎರಡನೆಯ ದಿನದ ಫೈಲುಗಳಿಗೂ ಮೊದಲ ದಿನದ ಹೆಸರುಗಳೇ ಬಂದವು. ಅದೇ ಫೋಲ್ಡರಿಗೆ ಇಳಿಸುವಾಗ ಕಂಪ್ಯೂಟರ್ ಕೇಳಿದ ಪ್ರಶ್ನೆಯನ್ನು ದಣಿವಿನಲ್ಲಿ ಓದದೆ ‘ಸರಿ’ ಎಂದು ಒತ್ತಿದೆ. ಮೊದಲ ಹಟ್ಟಿಯ ಪದಗಳೆಲ್ಲ ಅಳಿಸಿಹೋದವು. ಮತ್ತೆ ಹೋದಾಗ ಹಾಡಿದ ಅಜ್ಜಿ ಬೇಸರಿಸದೆ ಪುನಃ ಹಾಡಿಕೊಟ್ಟರು, ಆದರೆ ಅವರಿಗೆ ಸೊಲ್ಲು ಹಿಡಿಯುತ್ತಿದ್ದ ಜೊತೆಗಾತಿ ದೂರದ ಮಗಳ ಮನೆಗೆ ಹೋಗಿಬಿಟ್ಟಿದ್ದರು. ಒಂಟಿ ದನಿಯ ಆ ಎರಡನೆಯ ಮುದ್ರಣ ಮಾತ್ರ ನನ್ನ ಬಳಿ ಉಳಿದಿದೆ.

ಆದ್ದರಿಂದ ಪ್ರತಿ ಕಾರ್ಯಕ್ರಮಕ್ಕೂ ಅದರದೇ ಫೋಲ್ಡರ್ ಇರಲಿ. ಹೆಸರಿನಲ್ಲಿ ವರ್ಷ ಮೊದಲು, ಆಮೇಲೆ ತಿಂಗಳು, ಆಮೇಲೆ ದಿನ, ಕೊನೆಗೆ ಊರು ಬರಲಿ: 2025-08-18, ಆಮೇಲೆ ನಿಮ್ಮೂರ ಹೆಸರು. ಹೀಗೆ ಬರೆದರೆ ಫೋಲ್ಡರುಗಳು ತಾವಾಗಿಯೇ ಕಾಲದ ಕ್ರಮದಲ್ಲಿ ನಿಲ್ಲುತ್ತವೆ. ಎಣಿಕೆಗೆ 1, 2 ಎಂದು ಬರೆಯುವ ಬದಲು 01, 02 ಎಂದು ಬರೆಯಿರಿ, ಇಲ್ಲದಿದ್ದರೆ ಕೆಲವು ತಂತ್ರಾಂಶಗಳಲ್ಲಿ 10 ಬಂದು 2ರ ಮುಂದೆ ಕೂರುತ್ತದೆ. ಮೂಲ ಫೈಲುಗಳ ಹೆಸರನ್ನು ಬದಲಿಸಬೇಡಿ. ಒಂದನೆಯ ಮೈಕ್ ಯಾರದು, ಎರಡನೆಯದು ಯಾರದು, ಎಷ್ಟು ದೂರದಲ್ಲಿತ್ತು ಎಂಬುದನ್ನು ಒಂದು ಚಿಕ್ಕ ಪಟ್ಟಿಯಾಗಿ ಬರೆದು ಅದೇ ಫೋಲ್ಡರಿನಲ್ಲಿಡಿ. ಈ ಪಟ್ಟಿಯನ್ನು ಭಜನೆಯ ರಾತ್ರಿಯೇ ಬರೆಯಬೇಕಿತ್ತು. ಈಗಲಾದರೂ ಒಂದೊಂದೇ ಫೈಲನ್ನು ಕೇಳಿ, ಯಾವುದರಲ್ಲಿ ಯಾವ ವಾದ್ಯ ಹತ್ತಿರದಲ್ಲಿದೆ ಎಂದು ಗುರುತಿಸಿ ಬರೆದುಬಿಡಿ.

ಈಗ ಸಂಕಲನದ ತಂತ್ರಾಂಶದೊಳಗೆ ಬನ್ನಿ. ಬಹಳ ಜನ ಇಲ್ಲಿ ಫೈಲಿಗೊಂದು ಟ್ರ್ಯಾಕ್ ತೆರೆದು, 24 ಸಾಲುಗಳ ಕಾಡಿನಲ್ಲಿ ದಾರಿ ತಪ್ಪುತ್ತಾರೆ. ಟ್ರ್ಯಾಕ್ ಇರಬೇಕಾದದ್ದು ಮೈಕಿಗೊಂದು. ನಿಮಗೆ ಬೇಕಾದದ್ದು ಆರೇ ಸಾಲು: ಮೊದಲ ಗಾಯಕರು, ಎರಡನೆಯವರು, ಹಾರ್ಮೋನಿಯಂ, ತಬಲ, ತಾಳ ಮತ್ತು ಹಿಮ್ಮೇಳ, ಕೇಳುಗರು. ನಾಲ್ಕು ಸಲದ ಮುದ್ರಣಗಳೂ ಅವೇ ಆರು ಸಾಲುಗಳ ಮೇಲೆ ಒಂದರ ಮುಂದೊಂದು, ನಡುವೆ ಅರ್ಧ ನಿಮಿಷ ಖಾಲಿ ಜಾಗ ಬಿಟ್ಟು ಕೂರಲಿ. ಈ ಕ್ರಮವನ್ನು ಮುಂದಿನ ವರ್ಷದ ಭಜನೆಗೂ ಬದಲಿಸಬೇಡಿ. ತಬಲ ಯಾವಾಗಲೂ ನಾಲ್ಕನೆಯ ಸಾಲಿನಲ್ಲೇ ಇದ್ದರೆ ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಹಾಡಿನ ಎರಡು ಸಾಲಿಗೆ ಒಂದು ಬಣ್ಣ, ವಾದ್ಯಗಳಿಗೆ ಇನ್ನೊಂದು, ಕೇಳುಗರಿಗೆ ಮತ್ತೊಂದು ಬಣ್ಣ ಕೊಟ್ಟರೆ ಕಣ್ಣಿಗೂ ಶ್ರಮವಿಲ್ಲ.

ಒಂದೇ ಸಲ ಗುಂಡಿ ಒತ್ತಿದಾಗ ಹುಟ್ಟಿದ ಆರು ಫೈಲುಗಳು ಒಂದೇ ಕ್ಷಣದಲ್ಲಿ ಶುರುವಾಗಿರುತ್ತವೆ. ನಿಮ್ಮ ಮುದ್ರಣದಲ್ಲಿರುವ ಅತ್ಯಂತ ಬೆಲೆಬಾಳುವ ಸಂಗತಿ ಇದೇ. ಆರನ್ನೂ ಒಂದೇ ಗೆರೆಗೆ ತಲೆ ತಾಗಿಸಿ ಇಟ್ಟರೆ ಸಾಕು, ಬೇರೆ ಹೊಂದಾಣಿಕೆ ಬೇಕಿಲ್ಲ. ಆರಂಭದ ನಿಶ್ಶಬ್ದ ಕಣ್ಣಿಗೆ ಕಂಡ ಕೂಡಲೇ ಅದನ್ನು ಒಂದೊಂದೇ ಫೈಲಿನಿಂದ ಕತ್ತರಿಸಿ, ಉಳಿದದ್ದನ್ನು ಎಡಕ್ಕೆ ಎಳೆಯುವ ಅಭ್ಯಾಸ ಕೆಲವರಿಗಿದೆ. ಹಾಗೆ ಮಾಡಿದ ಕ್ಷಣವೇ ಆ ಸಂಬಂಧ ಹರಿದುಹೋಗುತ್ತದೆ. ಆದ್ದರಿಂದ ಏನನ್ನೂ ಕತ್ತರಿಸುವ ಮೊದಲು ಆರೂ ತುಂಡುಗಳನ್ನು ಒಟ್ಟಿಗೆ ಆಯ್ದು ಗುಂಪು ಕಟ್ಟಿ. ರೀಪರ್ ತಂತ್ರಾಂಶದಲ್ಲಿ ಆಯ್ದುಕೊಂಡು ‘ಜಿ’ ಅಕ್ಷರದ ಕೀಲಿ ಒತ್ತಿದರೆ ಗುಂಪಾಗುತ್ತದೆ. ಉಚಿತವಾಗಿ ಸಿಗುವ ಆಡಾಸಿಟಿಯಲ್ಲಿ ಇಂಥ ಗುಂಪಿನ ಬದಲು ಟ್ರ್ಯಾಕುಗಳನ್ನು ಕಾಲಕ್ಕೆ ಕಟ್ಟಿಹಾಕುವ ಸಿಂಕ್ ಲಾಕ್ ಎಂಬ ಸೌಲಭ್ಯವಿದೆ, ಅದನ್ನು ಚಾಲೂ ಮಾಡಿಕೊಳ್ಳಿ. ಇಷ್ಟಾದ ಮೇಲೆ ಒಂದರಲ್ಲಿ ಕತ್ತರಿ ಆಡಿಸಿದರೂ ಆರೂ ಒಟ್ಟಿಗೆ ಸರಿಯುತ್ತವೆ.

ಇನ್ನು ನಿಮ್ಮ ಕೆಮ್ಮಿನ ವಿಷಯ. ಕೆಮ್ಮು ಎರಡು ಬಗೆಯದು, ಎರಡಕ್ಕೂ ಮದ್ದು ಬೇರೆ. ಒಂದು ಪದ ಮುಗಿದು ಇನ್ನೊಂದು ಶುರುವಾಗುವ ನಡುವೆ ಗಾಯಕರು ಕೆಮ್ಮಿದ್ದರೆ ಆ ಹೊತ್ತನ್ನೇ ತೆಗೆದುಹಾಕಬಹುದು, ಆದರೆ ಆರೂ ಸಾಲುಗಳಿಂದ ಅಷ್ಟೇ ಅಳತೆಯನ್ನು ಒಟ್ಟಿಗೆ ತೆಗೆಯಬೇಕು. ಕಲ್ಲಿನ ಗುಡಿಯಲ್ಲಿ ಕೆಮ್ಮು ಗಾಯಕರ ಮೈಕಿಗೆ ಮಾತ್ರ ಬೀಳುವುದಿಲ್ಲ, ತಬಲದ ಮೈಕೂ ಅದನ್ನು ಕೇಳಿಸಿಕೊಂಡಿರುತ್ತದೆ. ಇನ್ನೊಂದು ಬಗೆಯದು ಹಾಡಿನ ನಡುವಿನ ಕೆಮ್ಮು. ಪಲ್ಲವಿ ಮುಗಿಸಿದ ಗಾಯಕರು ಕೆಮ್ಮುತ್ತಿದ್ದಾರೆ, ಹಿಮ್ಮೇಳದವರು ಅದೇ ಪಲ್ಲವಿಯನ್ನು ಎತ್ತಿಕೊಂಡಿದ್ದಾರೆ, ತಾಳ ನಿಂತಿಲ್ಲ. ಅಲ್ಲಿ ಒಂದು ಕ್ಷಣವನ್ನೂ ತೆಗೆಯುವಂತಿಲ್ಲ. ಗಾಯಕರ ಸಾಲಿನಲ್ಲಿ ಮಾತ್ರ, ಆ ಕೆಮ್ಮಿನಷ್ಟು ಉದ್ದಕ್ಕೆ, ದನಿಯ ಮಟ್ಟವನ್ನು ಮೆಲ್ಲಗೆ ಇಳಿಸಿ ಮತ್ತೆ ಮೆಲ್ಲಗೆ ಏರಿಸಬೇಕು. ಉಳಿದ ಮೈಕುಗಳಲ್ಲಿ ಕ್ಷೀಣವಾಗಿ ಕೇಳುವ ಕೆಮ್ಮು ಗುಡಿಯಲ್ಲಿ ಕೂತು ಕೇಳಿದವರಿಗೆ ಕೇಳಿಸಿದ್ದೇ, ಅದು ಇದ್ದರೆ ಬಾಧೆಯಿಲ್ಲ. ನೀವು ಈ ಎರಡನೆಯ ಬಗೆಯ ಕೆಮ್ಮಿಗೆ ಮೊದಲನೆಯ ಬಗೆಯ ಮದ್ದನ್ನು, ಅದೂ ಒಂದೇ ಸಾಲಿಗೆ ಹಾಕಿದ್ದೀರಿ. ಗಾಯಕರ ಸಾಲು ಒಂದೂವರೆ ಸೆಕೆಂಡು ಗಿಡ್ಡವಾಯಿತು, ಅಲ್ಲಿಂದ ಕೊನೆಯವರೆಗೂ ಹಾಡು ಅಷ್ಟು ಹೊತ್ತು ಮುಂದೆ ಓಡಿತು.

ಹೊತ್ತನ್ನು ತೆಗೆಯಲೇಬೇಕಾದ ಕಡೆ ಕತ್ತರಿಯನ್ನು ತಾಳದ ಪೆಟ್ಟು ಬೀಳುವುದಕ್ಕೆ ತುಸು ಮುಂಚೆ ಇಡಿ, ಆ ಪೆಟ್ಟಿನ ಸದ್ದಿನಲ್ಲಿ ಬೆಸುಗೆ ಮರೆಯಾಗುತ್ತದೆ. ಕೂಡಿಸಿದ ಕಡೆ ಎರಡೂ ತುದಿಗಳನ್ನು ಒಂದರೊಳಗೊಂದು ಬೆರೆಸುವಾಗ ವಾದ್ಯದ ಸಾಲುಗಳಿಗೆ 10 ಮಿಲಿಸೆಕೆಂಡಿನಷ್ಟು ಸಾಕಾಗುತ್ತದೆ. ಕೇಳುಗರ ಮೈಕಿನಲ್ಲಿ ಜನರ ಗುಜುಗುಜು ನಿರಂತರವಾಗಿ ಹರಿಯುತ್ತಿರುವುದರಿಂದ ಅಲ್ಲಿ ಅರ್ಧ ಸೆಕೆಂಡಾದರೂ ಬೇಕು. ಮೊದಲ ಕತ್ತರಿಯಾದ ಕೂಡಲೇ ಆ ಮುದ್ರಣದ ಕಡೇ ನಿಮಿಷಕ್ಕೆ ಹಾರಿ ಹಾಡನ್ನೂ ತಬಲವನ್ನೂ ಒಟ್ಟಿಗೆ ಕೇಳಿ. ಅಲ್ಲಿ ಹೊಂದಿದ್ದರೆ ಮುಂದುವರಿಯಿರಿ, ಹೊಂದದಿದ್ದರೆ ಆಗಲೇ ಹಿಂದಕ್ಕೆ ಹೋಗಿ. ಕೊನೆಯದಾಗಿ, ಪ್ರತಿ ಪದಕ್ಕೂ ಅದರ ಪಲ್ಲವಿಯ ಮೊದಲ ಶಬ್ದವನ್ನೇ ಹೆಸರಾಗಿ ಕೊಟ್ಟು ಗಡಿ ಗುರುತಿಸಿಟ್ಟರೆ, ಮುಗಿದ ಮೇಲೆ ಒಂದೊಂದು ಪದವನ್ನೂ ಬೇರೆ ಬೇರೆಯಾಗಿ ಹೊರತೆಗೆಯುವುದು ಐದು ನಿಮಿಷದ ಕೆಲಸ.

ಪ್ರಶ್ನೆ: ನಮ್ಮ ಹವ್ಯಾಸಿ ತಂಡದ ಎರಡೂವರೆ ಗಂಟೆಯ ನಾಟಕವನ್ನು ವೇದಿಕೆಯ ಆರು ಮೈಕುಗಳಿಂದ ಲ್ಯಾಪ್‌ಟಾಪಿಗೂ, ಪ್ರೇಕ್ಷಕರ ನಡುವೆ ಇಟ್ಟ ಬೇರೊಂದು ರಿಕಾರ್ಡರಿಗೂ ಮುದ್ರಿಸಿದೆವು. ಲ್ಯಾಪ್‌ಟಾಪಿನಲ್ಲಿ ಆರೂ ಮೈಕ್ ಸೇರಿ ಒಂದೇ ಫೈಲ್ ಆಗಿದೆ, ಅದೂ ತಾನಾಗಿ ಎರಡು ತುಂಡಾಗಿದೆ. ರಿಕಾರ್ಡರಿನ ದನಿಯನ್ನು ಶುರುವಿನಲ್ಲಿ ಸರಿಯಾಗಿ ಹೊಂದಿಸಿದರೂ ಕೊನೆಯ ದೃಶ್ಯದ ಹೊತ್ತಿಗೆ ಪ್ರತಿ ಮಾತೂ ಎರಡೆರಡು ಸಲ ಕೇಳುತ್ತದೆ. ಉಪಕರಣ ಕೆಟ್ಟಿದೆಯೇ?
— ರಂಗತಂಡದ ತಂತ್ರಜ್ಞರು, ಚಿತ್ರದುರ್ಗ

ಉತ್ತರ: ಯಾವುದೂ ಕೆಟ್ಟಿಲ್ಲ. ಸಾಮಾನ್ಯ ವೇವ್ ಫೈಲು ತನ್ನ ಅಳತೆಯನ್ನು ತಾನೇ ಬರೆದಿಟ್ಟುಕೊಳ್ಳುವ ಜಾಗ 32 ಬಿಟ್‌ನದು, ಆದ್ದರಿಂದ 4 ಜಿಬಿಗಿಂತ ದೊಡ್ಡ ಅಂಕಿ ಅಲ್ಲಿ ಹಿಡಿಸುವುದಿಲ್ಲ. 48 ಕಿಲೋಹರ್ಟ್ಸ್, 24 ಬಿಟ್‌ನ ಆರು ಮೈಕುಗಳು ಒಂದೇ ಫೈಲಿನಲ್ಲಿದ್ದರೆ ಆ ಮಿತಿ ಸುಮಾರು 83 ನಿಮಿಷಕ್ಕೆ ಮುಗಿಯುತ್ತದೆ, ನಿಮ್ಮ ನಾಟಕ ಎರಡು ತುಂಡಾದದ್ದು ಹಾಗೆ. ಎರಡನೆಯ ತುಂಡನ್ನು ಮೊದಲನೆಯದರ ತುದಿಗೆ ಕೂದಲೆಳೆಯಷ್ಟೂ ಜಾಗ ಬಿಡದೆ ಕೂಡಿಸಿ, ಆಮೇಲೆ ಆರು ಸಾಲುಗಳಾಗಿ ಬಿಡಿಸಿ. ಈ ಕೆಲಸ ಮುಗಿಯುವವರೆಗೆ ಪ್ರೇಕ್ಷಕರ ನಡುವಿನ ಮುದ್ರಣವನ್ನು ಮುಟ್ಟಬೇಡಿ.

ಮಾತು ಎರಡೆರಡಾಗಿ ಕೇಳುವುದಕ್ಕೆ ಕಾರಣ ಗಡಿಯಾರ. ಪ್ರತಿ ಉಪಕರಣವೂ ತನ್ನೊಳಗಿನ ಹರಳಿನ ಕಂಪನವನ್ನು ನಂಬಿ ಸೆಕೆಂಡಿಗೆ 48,000 ಸಲ ದನಿಯನ್ನು ಅಳೆಯುತ್ತದೆ, ಎರಡು ಉಪಕರಣಗಳ ಹರಳುಗಳು ಕರಾರುವಾಕ್ಕಾಗಿ ಒಂದೇ ವೇಗದಲ್ಲಿ ಕಂಪಿಸುವುದಿಲ್ಲ. ಹತ್ತು ಲಕ್ಷದಲ್ಲಿ 20 ಪಾಲಿನಷ್ಟು ವ್ಯತ್ಯಾಸವಿದ್ದರೂ ಗಂಟೆಗೆ 72 ಮಿಲಿಸೆಕೆಂಡು ಆಗುತ್ತದೆ, ಎರಡೂವರೆ ಗಂಟೆಗೆ 180 ಮಿಲಿಸೆಕೆಂಡು. ಅಷ್ಟು ಅಂತರವನ್ನು ಕಿವಿ ಸ್ಪಷ್ಟವಾಗಿ ಎರಡು ಮಾತೆಂದೇ ಕೇಳುತ್ತದೆ.

ಇಡೀ ಫೈಲನ್ನು ಕೂದಲೆಳೆಯಷ್ಟು ಹಿಗ್ಗಿಸಿ ಅಥವಾ ಕುಗ್ಗಿಸಿ ಎರಡೂ ತುದಿ ಹೊಂದಿಸಬಹುದು. ನಾಟಕಕ್ಕೆ ನಾನು ಅದಕ್ಕಿಂತ ಹಳೆಯ ದಾರಿಯನ್ನೇ ಮೆಚ್ಚುತ್ತೇನೆ: ದೃಶ್ಯ ಬದಲಾಗಿ ಬೆಳಕು ಆರುವ ಕಡೆಯೆಲ್ಲ ಪ್ರೇಕ್ಷಕರ ಸಾಲನ್ನು ಕತ್ತರಿಸಿ, ಪ್ರತಿ ದೃಶ್ಯವನ್ನೂ ಅದರ ಮೊದಲ ಮಾತಿಗೆ ಮತ್ತೆ ಹೊಂದಿಸಿ, ಆ ದೃಶ್ಯದ ಏಳೂ ಸಾಲುಗಳನ್ನು ಗುಂಪು ಕಟ್ಟಿ. ಇಪ್ಪತ್ತು ನಿಮಿಷದ ಒಂದು ದೃಶ್ಯದಲ್ಲಿ ಬೆಳೆಯುವ ವ್ಯತ್ಯಾಸ ಮೇಲಿನ ಲೆಕ್ಕದಲ್ಲಿ 24 ಮಿಲಿಸೆಕೆಂಡು ಮಾತ್ರ, ದನಿಯ ಗುಣವೂ ಕೆಡುವುದಿಲ್ಲ. ಮುಂದಿನ ಪ್ರದರ್ಶನದಲ್ಲಿ ನಾಂದಿಗೆ ಮೊದಲೊಮ್ಮೆ, ಮಂಗಳ ಮುಗಿದ ಮೇಲೊಮ್ಮೆ ವೇದಿಕೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿಸಿ. ಅಲೆಯ ಚಿತ್ರದಲ್ಲಿ ಅದು ನೆಟ್ಟಗೆ ನಿಂತ ಮುಳ್ಳಿನಂತೆ ಕಾಣುತ್ತದೆ, ಎಲ್ಲ ಸಾಲುಗಳ ಮುಳ್ಳನ್ನೂ ಒಂದೇ ಗೆರೆಗೆ ತರುವುದು ಸುಲಭ.

ಇಲ್ಲಿ ಇನ್ನೊಂದು ಅಂಶ ಗಮನದಲ್ಲಿರಲಿ. ನಿಮ್ಮೂರ ಕೋಟೆಯ ಬಂಡೆಗಳ ಎದುರು ನಿಂತು ಕೂಗಿದವರಿಗೆಲ್ಲ ದನಿ ನಡೆದು ಬರಲು ಹೊತ್ತು ಬೇಕೆಂಬುದು ಗೊತ್ತು. ದನಿ ಸೆಕೆಂಡಿಗೆ ಸುಮಾರು 343 ಮೀಟರ್ ಸಾಗುತ್ತದೆ, ಎಂದರೆ ವೇದಿಕೆಯಿಂದ 17 ಮೀಟರ್ ದೂರದ ರಿಕಾರ್ಡರಿಗೆ ಮಾತು 50 ಮಿಲಿಸೆಕೆಂಡು ತಡವಾಗಿ ತಲುಪಿರುತ್ತದೆ. ಚಪ್ಪಾಳೆಯ ಮುಳ್ಳನ್ನು ಹೊಂದಿಸಿದಾಗ ಈ ಅಂತರವೂ ಅಳಿದುಹೋಗುತ್ತದೆ. ಮಾತಿನ ನಾಟಕಕ್ಕೆ ಅಳಿದರೇ ಒಳ್ಳೆಯದು, ಮಾತು ತಿಳಿಯಾಗುತ್ತದೆ. ಸಭಾಂಗಣದ ವಿಸ್ತಾರ ಕೇಳಿಸಬೇಕಾದ ಮೇಳದ ಹಾಡುಗಳಲ್ಲಿ ಮಾತ್ರ ಪ್ರೇಕ್ಷಕರ ಸಾಲನ್ನು ಮತ್ತೆ 20 ಮಿಲಿಸೆಕೆಂಡಿನಷ್ಟು ತಡವಾಗುವಂತೆ ಬಲಕ್ಕೆ ಸರಿಸಿ ಕೇಳಿ ನೋಡಿ.

ಪ್ರಶ್ನೆ: ಫೈಲು ಮತ್ತು ಟ್ರ್ಯಾಕುಗಳ ಹೆಸರನ್ನು ಕನ್ನಡದಲ್ಲಿಯೇ ಇಡಬಹುದೇ?
— ಓದುಗರು, ಮೊಳಕಾಲ್ಮುರು

ಉತ್ತರ: ತಂತ್ರಾಂಶದೊಳಗಿನ ಟ್ರ್ಯಾಕು, ಪದಗಳ ಗಡಿ, ಟಿಪ್ಪಣಿ ಎಲ್ಲವನ್ನೂ ಕನ್ನಡದಲ್ಲಿಯೇ ಇಡಿ, ಚರ್ಮವಾದ್ಯವೊಂದರ ಹೆಸರನ್ನು ‘ಉರುಮೆ’ ಎಂದು ಓದಿದಾಗ ಮೂಡುವ ಗುರುತು ರೋಮನ್ ಅಕ್ಷರದಲ್ಲಿ ಮೂಡುವುದಿಲ್ಲ. ಟೈಪು ಮಾಡುವಾಗ ಯೂನಿಕೋಡ್ ಬಳಸಿ, ಹಳೆಯ ಫಾಂಟುಗಳಲ್ಲಿ ಬರೆದದ್ದು ಅಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ. ಫೈಲು ಮತ್ತು ಫೋಲ್ಡರುಗಳಿಗೆ ಮಾತ್ರ ರೋಮನ್ ಅಕ್ಷರಗಳೇ ಸುರಕ್ಷಿತ. ರಿಕಾರ್ಡರುಗಳ ಪುಟ್ಟ ಪರದೆಗೆ ಸಾಮಾನ್ಯವಾಗಿ ಕನ್ನಡ ಬಾರದು. ಜೊತೆಗೆ ಯೂನಿಕೋಡಿನ ಪ್ರಚಲಿತ ಬರವಣಿಗೆಯಲ್ಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು, ‘ಹಾರ್ಮೋನಿಯಂ’ ಎಂಬ ಒಂದು ಪದಕ್ಕೇ 30 ಬೈಟ್. ಲಿನಕ್ಸ್‌ನಲ್ಲಿ ಒಂದು ಫೈಲಿನ ಹೆಸರು 255 ಬೈಟ್ ಮೀರುವಂತಿಲ್ಲವಾದ್ದರಿಂದ ಉದ್ದನೆಯ ಕನ್ನಡ ಹೆಸರು ಅಲ್ಲಿ ಅಡ್ಡಿಯಾಗಬಹುದು.

ಪ್ರಶ್ನೆ: ನಮ್ಮ ತಂಡದ ಮುಖ್ಯ ಡೊಳ್ಳಿಗೆ ಎರಡೂ ಮುಖಕ್ಕೆ ಒಂದೊಂದು ಮೈಕ್ ಇಟ್ಟಿದ್ದೆವು. ಒಂದೊಂದನ್ನೇ ಕೇಳಿದರೆ ಎದೆ ನಡುಗಿಸುವ ಸದ್ದು. ಎರಡನ್ನೂ ಸೇರಿಸಿದರೆ ತಗಡು ಬಡಿದಂತೆ. ಯಾವುದನ್ನು ಬಿಡಲಿ?
— ಡೊಳ್ಳು ಕುಣಿತದ ಕಲಾವಿದರು, ಜಗಳೂರು

ಉತ್ತರ: ಯಾವುದನ್ನೂ ಬಿಡಬೇಡಿ. ಎರಡೂ ಸಾಲುಗಳನ್ನು ಒಂದರ ಕೆಳಗೊಂದು ಇಟ್ಟು, ಮೊದಲ ಪೆಟ್ಟು ಪರದೆಯ ತುಂಬ ಬರುವಷ್ಟು ಹಿಗ್ಗಿಸಿ ನೋಡಿ. ಕೋಲು ಬಿದ್ದ ಮುಖದ ಚರ್ಮ ಒಳಕ್ಕೆ, ತನ್ನ ಮೈಕಿನಿಂದ ದೂರಕ್ಕೆ ಹೋಗುತ್ತದೆ. ಆ ಸಾಲಿನ ಅಲೆ ಮೊದಲು ಕೆಳಕ್ಕೆ ಇಳಿಯುತ್ತದೆ. ಒಳಗಿನ ಗಾಳಿ ಒತ್ತಿದ್ದರಿಂದ ಎದುರು ಮುಖದ ಚರ್ಮ ಹೊರಕ್ಕೆ, ತನ್ನ ಮೈಕಿನ ಕಡೆಗೆ ಉಬ್ಬುತ್ತದೆ. ಆ ಸಾಲಿನ ಅಲೆ ಮೊದಲು ಮೇಲಕ್ಕೆ ಏರುತ್ತದೆ. ಅಂಗೈ ಪೆಟ್ಟು ಬಿದ್ದಾಗ ಇದೇ ಕ್ರಿಯೆ ತಿರುವುಮುರುವಾಗಿ ನಡೆಯುತ್ತದೆ. ಹೀಗಾಗಿ ಎರಡನ್ನೂ ಕೂಡಿಸಿದಾಗ ಒಂದು ಏರಿದ್ದನ್ನು ಇನ್ನೊಂದು ಇಳಿಸಿ, ಡೊಳ್ಳಿನ ಒಡಲಾಗಿರುವ ತಗ್ಗುದನಿ ಅಳಿಸಿಹೋಗುತ್ತದೆ, ಚರ್ಮದ ಮೇಲಿನ ಚಟಪಟ ಸದ್ದು ಮಾತ್ರ ಉಳಿಯುತ್ತದೆ.

ಒಂದು ಸಾಲಿನ ಅಲೆಯನ್ನು ತಲೆಕೆಳಗು ಮಾಡಿದರೆ ಇದು ಸರಿಹೋಗುತ್ತದೆ. ರೀಪರಿನಂಥ ತಂತ್ರಾಂಶಗಳಲ್ಲಿ ಇದಕ್ಕೆ ಅಡ್ಡಗೀಟು ಎಳೆದ ಸೊನ್ನೆಯ ಗುರುತಿನ ಗುಂಡಿಯಿದೆ. ಎರಡೂ ಸಾಲುಗಳನ್ನು ನಡುವಿಗೆ ತಂದು, ಒಂದೇ ಮಟ್ಟದಲ್ಲಿಟ್ಟು, ಕಣ್ಣು ಮುಚ್ಚಿಕೊಂಡು ಆ ಗುಂಡಿಯನ್ನು ಒಮ್ಮೆ ಒತ್ತಿ, ಒಮ್ಮೆ ಬಿಟ್ಟು ಕೇಳಿ. ಯಾವ ಸ್ಥಿತಿಯಲ್ಲಿ ಡೊಳ್ಳಿನ ತೂಕ ಮರಳಿ ಬರುತ್ತದೋ ಅದೇ ಸರಿ.

ಗುಂಡಿ ಒತ್ತಿದ ಮೇಲೂ ಕೊಂಚ ಟೊಳ್ಳು ಉಳಿದರೆ ಮೈಕುಗಳ ದೂರ ಸಮವಾಗಿಲ್ಲ ಎಂದು ಅರ್ಥ. ಒಂದು ಮೈಕ್ ಇನ್ನೊಂದಕ್ಕಿಂತ 34 ಸೆಂಟಿಮೀಟರ್ ದೂರವಿದ್ದರೆ ದನಿ ಸುಮಾರು 1 ಮಿಲಿಸೆಕೆಂಡು ತಡವಾಗಿ, 500 ಹರ್ಟ್ಸ್‌ನ ಆಸುಪಾಸಿನ ಸ್ವರಗಳು ಕರಗುತ್ತವೆ. ಆಗ ತಡವಾದ ಸಾಲನ್ನು ಅಷ್ಟೇ ಎಡಕ್ಕೆ ಸರಿಸಬೇಕು. ಈ ಎರಡೂ ಕೆಲಸ ಬೇರೆಲ್ಲ ಕತ್ತರಿಗಿಂತ ಮೊದಲೇ ಮುಗಿಯಲಿ. ತಲೆಕೆಳಗು ಮಾಡಿದ ಸಾಲಿನ ಹೆಸರಿನ ಕೊನೆಗೆ ‘ತಿರುವು’ ಎಂದು ಸೇರಿಸಿ ಬರೆದಿಡಿ, ಆರು ತಿಂಗಳ ನಂತರ ಈ ಫೈಲನ್ನು ತೆರೆಯುವವರು ಅದನ್ನು ಮತ್ತೊಮ್ಮೆ ತಿರುಗಿಸಬಾರದು. ಆಮೇಲೆ ಎರಡನ್ನೂ ‘ಮುಖ್ಯ ಡೊಳ್ಳು’ ಎಂಬ ಒಂದೇ ಫೋಲ್ಡರ್ ಟ್ರ್ಯಾಕಿನ ಕೆಳಗೆ ಸೇರಿಸಿ, ದನಿಯ ಮಟ್ಟವನ್ನು ಆ ಟ್ರ್ಯಾಕಿನ ಒಂದು ಫೇಡರಿನಿಂದಲೇ (ಮಟ್ಟ ಬದಲಿಸುವ ಜಾರುಗುಂಡಿ) ಏರಿಸಿ, ಇಳಿಸಿ.